ಇದ್ದಿಲಿನ ಲೆಕ್ಕ: ಖಂಡ ಖಂಡಗಳನ್ನು ಹೋಲಿಸುವ ಕ್ರಮ

ಚಳ್ಳಕೆರೆ, ಹಿರಿಯೂರು ಕಡೆ ಬಳ್ಳಾರಿ ಜಾಲಿ ಸುಡುವ ಇದ್ದಿಲು ಗೂಡನ್ನು ಹತ್ತಿರದಿಂದ ನೋಡಿದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಹೊದಿಸಿದ ಮಣ್ಣು ಬಿರುಕು ಬಿಟ್ಟರೆ ಗಾಳಿ ನುಗ್ಗಿ ಕಟ್ಟಿಗೆ ಬೂದಿಯಾಗುತ್ತದೆ. ದಟ್ಟ ಬಿಳಿ ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ತೂತು ಮುಚ್ಚದಿದ್ದರೆ ಆದ ಇದ್ದಿಲೂ ಉರಿದುಹೋಗುತ್ತದೆ. ಹಾಗಾಗಿ ಒಂದು ಟನ್ ಇದ್ದಿಲಿಗೆ ಎಲ್ಲ ಕಡೆಯೂ ಒಂದೇ ಪ್ರಮಾಣದ ಮರ ಹೋಗುವುದಿಲ್ಲ. ಜಾಗತಿಕ ಅಂಕಿಗಳನ್ನು ಹೋಲಿಸುವಾಗ ಹೆಚ್ಚಿನವರು ಎಡವುವುದು ಇಲ್ಲೇ.

ಅಂಕಿಗಳು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ‘ಫಾವೋಸ್ಟಾಟ್’ನಲ್ಲಿ 1961ರಿಂದ ಸಿಗುತ್ತವೆ. ಅರಣ್ಯ ವಿಭಾಗದಲ್ಲಿ ಮರದ ಇದ್ದಿಲು, ಉತ್ಪಾದನೆ, ಟನ್ ಎಂದು ಆರಿಸಿ. ಒಂದೋ ಖಂಡಗಳ ಮೊತ್ತ ತೆಗೆದುಕೊಳ್ಳಿ, ಇಲ್ಲವೇ ದೇಶಗಳನ್ನು. ಎರಡನ್ನೂ ಒಂದೇ ಹಾಳೆಗೆ ಇಳಿಸಿ ಕೂಡಿದರೆ ಆಫ್ರಿಕಾ, ಪೂರ್ವ ಆಫ್ರಿಕಾ, ಕೀನ್ಯಾ ಮೂರೂ ಸೇರಿ ಲೆಕ್ಕ ಉಬ್ಬುತ್ತದೆ. ಚೀನಾದಲ್ಲೂ ಇದೇ ತೊಡಕು: ಒಟ್ಟು ಚೀನಾ ಒಂದು ಸಾಲು, ಮುಖ್ಯಭೂಮಿ ಇನ್ನೊಂದು ಸಾಲು.

ಆಮೇಲೆ ಪ್ರತಿ ಅಂಕಿಯ ಪಕ್ಕದ ಗುರುತು ನೋಡಿ: ದೇಶ ಕೊಟ್ಟ ಅಧಿಕೃತ ಲೆಕ್ಕವೋ, ಅಂದಾಜೋ? ಇದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ವ್ಯರ್ಥ. ಆಫ್ರಿಕಾದ ಬಹಳ ದೇಶಗಳಲ್ಲಿ ಇದ್ದಿಲು ಹಳ್ಳಿಗಳಲ್ಲಿ ಸುಟ್ಟು ಲಾರಿ, ಸೈಕಲ್ ಮೇಲೆ ಪೇಟೆ ಸೇರುತ್ತದೆ; ತೂಕ ಹಾಕಿ ಬರೆದಿಡುವವರಿಲ್ಲ. ಹೀಗಾಗಿ ಜನಸಂಖ್ಯೆ, ಆದಾಯ ಇತ್ಯಾದಿಗಳ ಮೇಲೆ ಅಂದಾಜು ಕಟ್ಟುತ್ತಾರೆ. ವರ್ಷ ವರ್ಷವೂ ನುಣುಪಾಗಿ ಏರುವ ಗೆರೆ ಕಂಡರೆ ಅದು ಅಂದಾಜು ಇರಬಹುದು ಎಂದು ಪರೀಕ್ಷಿಸಿ. ಖಂಡದ ಮೊತ್ತದಲ್ಲಿ ಇದು ಮರೆಯಾಗುತ್ತದೆ, ಆದ್ದರಿಂದ ಮೊದಲ ಹತ್ತು ದೇಶಗಳನ್ನಾದರೂ ಬಿಡಿಸಿ ನೋಡಿ. ಒಂದೇ ವರ್ಷವನ್ನು ನಂಬದೆ ಐದು ವರ್ಷದ ಸರಾಸರಿ ಹಿಡಿಯಿರಿ.

ಇನ್ನು ತಲಾವಾರು ಲೆಕ್ಕ. 2015ರಲ್ಲಿ ಜಗತ್ತಿನ ಉತ್ಪಾದನೆ ಸುಮಾರು 5.2 ಕೋಟಿ ಟನ್. ಅದರಲ್ಲಿ ಆಫ್ರಿಕಾ ಶೇ 62, ಅಮೆರಿಕ ಖಂಡಗಳು ಶೇ 20, ಏಷ್ಯಾ ಶೇ 17ರ ಹತ್ತಿರ. ಆಗಿನ ಜನಸಂಖ್ಯೆಯಿಂದ ಭಾಗಿಸಿದರೆ ಆಫ್ರಿಕಾದಲ್ಲಿ ತಲೆಗೆ ಸುಮಾರು 27 ಕೆ.ಜಿ., ಅಮೆರಿಕ ಖಂಡಗಳಲ್ಲಿ 10, ಏಷ್ಯಾದಲ್ಲಿ 2. ಆದರೆ ಈ ಕಿಲೋಗಳು ಒಂದೇ ಒಲೆಗೆ ಹೋದವಲ್ಲ. ಆಫ್ರಿಕಾದ್ದು ಬಹುಪಾಲು ಪಟ್ಟಣಗಳ ಅಡುಗೆ ಒಲೆಗೆ. ಬ್ರೆಜಿಲ್‌ನದು ಬಹುಪಾಲು ಕಬ್ಬಿಣದ ಕುಲುಮೆಗೆ, ಅದೂ ನೆಟ್ಟು ಬೆಳೆಸಿದ ನೀಲಗಿರಿ ಮರದಿಂದ ಹೆಚ್ಚು. ನಮ್ಮ ಪಕ್ಕದ ಭದ್ರಾವತಿಯಲ್ಲೂ 1923ರಲ್ಲಿ ಕುಲುಮೆ ಹೊತ್ತಿದ್ದು ಇದ್ದಿಲಿನಿಂದಲೇ. ಯುರೋಪಿನ ಅಂಕಿ ಚಿಕ್ಕದೆಂದು ಅಲ್ಲಿ ಮರ ಸುಡಲೇ ಇಲ್ಲ ಅಂದುಕೊಳ್ಳಬೇಡಿ. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ ಕೋಕ್‌ನಿಂದ (ಕಲ್ಲಿದ್ದಲನ್ನು ಸುಟ್ಟು ಮಾಡಿದ ಇಂಧನ) ಕಬ್ಬಿಣ ಕರಗಿಸುವವರೆಗೆ ಅಲ್ಲೂ ಇದ್ದಿಲೇ ಆಸರೆ. 1961ರಿಂದ ಶುರುವಾಗುವ ಪಟ್ಟಿಯಲ್ಲಿ ಆ ಕಾಲ ಸಿಗುವುದಿಲ್ಲ.

ಕೊನೆಗೆ ಮರಕ್ಕೆ ಪರಿವರ್ತನೆ. ಆಹಾರ ಮತ್ತು ಕೃಷಿ ಸಂಸ್ಥೆ ಒಂದು ಟನ್ ಇದ್ದಿಲಿಗೆ 6 ಘನ ಮೀಟರ್ ಮರ ಹಿಡಿಯುತ್ತದೆ. ಘನ ಮೀಟರಿಗೆ ಸುಮಾರು 800 ಕೆ.ಜಿ. ತೂಗುವ ಗಟ್ಟಿ ಜಾಲಿಗೆ ಇದು 4.8 ಟನ್ ಆಯಿತು, ಅಂದರೆ ಇಳುವರಿ ಶೇ 21. ಮಣ್ಣಿನ ಗೂಡಿನಲ್ಲಿ ಇಳುವರಿ ಶೇ 15ಕ್ಕೆ ಬಿದ್ದರೆ ಅದೇ ಒಂದು ಟನ್ನಿಗೆ 8.3 ಘನ ಮೀಟರ್ ಬೇಕು. 500 ಕೆ.ಜಿ.ಯ ಹಗುರ ಮರವಾದರೆ 13.3. ಮಣ್ಣಿನ ಗೂಡು ಹೆಚ್ಚಿರುವ ಕಡೆಗೂ ಇಟ್ಟಿಗೆ ಗೂಡಿನ ಕಡೆಗೂ 6ರಿಂದಲೇ ಗುಣಿಸಿದರೆ ಕಾಡಿನ ಮೇಲಿನ ಹೊರೆ ತಪ್ಪಾಗಿ ಕಾಣುತ್ತದೆ. 6 ಮತ್ತು 8 ಎರಡರಿಂದಲೂ ಗುಣಿಸಿ, ನಡುವಿನ ಅಂತರವನ್ನು ಗ್ರಾಫಿನಲ್ಲಿ ಅಗಲ ಪಟ್ಟೆಯಾಗಿ ತೋರಿಸಿ, ಕೆಳಗೆ ಆ ಅಂಕಿಗಳನ್ನೇ ಬರೆಯಿರಿ. ಉರುವಲಿನ ಮೊತ್ತದಲ್ಲಿ ಇದ್ದಿಲಿಗೆ ಹೋದ ಮರ ಆಗಲೇ ಸೇರಿರುತ್ತದೆ, ಮತ್ತೆ ಕೂಡಬೇಡಿ.

ಬಳಕೆ ಬೇಕಿದ್ದರೆ ಉತ್ಪಾದನೆಗೆ ಆಮದು ಸೇರಿಸಿ ರಫ್ತು ಕಳೆಯಿರಿ. ಕಸ್ಟಮ್ಸ್ ಅಂಕಿ ಬಳಸಿದರೆ ಎಚ್ಚರ: ಸರಕು ವಿಂಗಡಿಸುವ 4402 ಸಂಖ್ಯೆಯಡಿ ಹೊಸದುರ್ಗದ ಕಡೆಯಂಥ ತೆಂಗಿನ ಚಿಪ್ಪಿನ ಇದ್ದಿಲೂ ಮರದ್ದರ ಜೊತೆಗೇ ಬರುತ್ತದೆ. ತೆಂಗು ಹೆಚ್ಚಿರುವ ಏಷ್ಯಾದ ದೇಶಗಳಲ್ಲಿ ರಫ್ತು ಉತ್ಪಾದನೆಗಿಂತ ಜಾಸ್ತಿ ಕಂಡರೆ ಮೊದಲು ಇದನ್ನೇ ಪರೀಕ್ಷಿಸಿ.