ಇಂಗ್ಲೆಂಡಿಗೆ ಹೊರಟಿದ್ದೀರಾ? ಒಂದು ಕಟ್ಟು ಊದುಬತ್ತಿ ಇಟ್ಕೊಳ್ಳಿ

ರಜೆಗೆ ಮಡಿಕೇರಿಗೆ ಬಂದಿದ್ದೇನೆ. ಹೊರಗೆ ಕಕ್ಕಡ ತಿಂಗಳ ಮಳೆ, ಒಳಗೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ. ಸೆಪ್ಟೆಂಬರಿಗೆ ಇಂಗ್ಲೆಂಡಿಗೆ ಓದಲು ಹೊರಟಿರುವ ಪಕ್ಕದ ಮನೆ ಹುಡುಗ ಬಂದು, ಎಷ್ಟು ಸ್ವೆಟರ್ ತಗೊಳ್ಳಲಿ ಅಂತ ಕೇಳಿದ. ಎರಡು ಸಾಕು, ಊದುಬತ್ತಿ ಮರೀಬೇಡ ಅಂದೆ.

ತಮಾಷೆಯಲ್ಲ. ಅಲ್ಲಿನ ಹಳೇ ಮನೆಗಳಲ್ಲಿ ಸಂದುಗಳಿಂದ ತಣ್ಣನೆ ಗಾಳಿ ನುಗ್ಗುತ್ತದೆ, ಹೀಟರ್ ಎಷ್ಟು ಉರಿಸಿದರೂ ಕಾಲು ತಣ್ಣಗೇ ಇರುತ್ತದೆ. ಜೋರು ಗಾಳಿಯ ದಿನ ಎಲ್ಲ ಮುಚ್ಚಿ, ಊದುಬತ್ತಿ ಹಚ್ಚಿ ಕಿಟಕಿಯ ಅಂಚು, ಬಾಗಿಲಿನ ಅಡಿ, ಟಪಾಲು ಹಾಕುವ ಕಿಂಡಿಯ ಹತ್ತಿರ ಮೆಲ್ಲಗೆ ಹಿಡಿಯಿರಿ. ನೆಟ್ಟಗೆ ಏರುವ ಹೊಗೆ ತಟ್ಟನೆ ವಾಲಿತೋ, ಸಂದು ಸಿಕ್ಕಿತು. ಪರದೆಯಿಂದ ದೂರ ಇರಲಿ. ಸ್ಮೋಕ್ ಅಲಾರಂ ಕೆಳಗಂತೂ ನಿಲ್ಲಬೇಡಿ, ಕಟ್ಟಡವನ್ನೇ ಎಬ್ಬಿಸ್ತೀರಿ.

ಕಿಟಕಿಗೆ ಫೋಮ್ ಟೇಪ್, ಕಿಂಡಿಗೆ ಬ್ರಶ್ ಪಟ್ಟಿ. ಬಾಗಿಲಿನ ಅಡಿಗೆ ಹಳೇ ಪಂಚೆ ಸುತ್ತಿ ಉದ್ದ ದಿಂಬು ಮಾಡಿದರೂ ಸಾಕು. ಒಂಟಿ ಗಾಜಿನ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಬಿಗಿಯಾಗಿ ಕೂರುತ್ತದೆ. ಅಟ್ಟಕ್ಕೆ ಶಾಖ ತಡೆಯುವ ಉಣ್ಣೆಯಂಥ ಹಾಸನ್ನು 270 ಮಿಲಿಮೀಟರ್ ದಪ್ಪ ಹಾಸಬೇಕು ಅನ್ನುತ್ತಾರೆ, ಅದು ಮನೆ ಮಾಲೀಕರ ಕೆಲಸ. ಬಾಡಿಗೆಗೆ ಮನೆ ನೋಡುವಾಗಲೇ ಇಪಿಸಿ, ಅಂದರೆ ಮನೆಯ ಇಂಧನ ದಕ್ಷತೆಯ ಪ್ರಮಾಣಪತ್ರ, ಕೇಳಿ. ಎ ಇಂದ ಜಿ ವರೆಗೆ ದರ್ಜೆ ಇರುತ್ತದೆ, ಎ ಎಲ್ಲಕ್ಕಿಂತ ಒಳ್ಳೇದು. 2020ರ ಏಪ್ರಿಲ್‌ನಿಂದ, ಕೆಲವು ವಿನಾಯಿತಿ ಬಿಟ್ಟರೆ, ಇ ಗಿಂತ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸಿ ದರ್ಜೆಯದೇ ವಾಸಿ ಅಂತ ನನ್ನ ಲೆಕ್ಕ.

ಈಗ ನನ್ನ ದಡ್ಡತನ ಕೇಳಿ. ಮೊದಲ ಚಳಿಗಾಲ ಹುರುಪಿನಲ್ಲಿ ಕಿಟಕಿ ಮೇಲಿನ ಸಣ್ಣ ಗಾಳಿಕಿಂಡಿಗಳಿಗೂ ಟೇಪ್ ಹೊಡೆದೆ. ಒಳಗೆ ದಿನವೂ ಅನ್ನ, ಸಾರು, ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ. ಆ ಹಬೆ ಎಲ್ಲಿಗೆ ಹೋಗಬೇಕು? ತಣ್ಣನೆಯ ಗೋಡೆಗೆ ತಾಗಿ ನೀರಾಯಿತು. ಫೆಬ್ರವರಿಯಲ್ಲಿ ಬೀರು ಸರಿಸಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಮಳೆಗಾಲದಲ್ಲಿ ನಮ್ಮ ಚಪ್ಪಲಿಗೆ ಹಿಡಿಯುತ್ತಲ್ವಾ, ಅದೇ ವಾಸನೆ! ಊರಿನ ಹೆಂಚಿನ ಸಂದಿಯಲ್ಲಿ ಹೊಗೆ, ಹಬೆ ಎಲ್ಲ ತಾನಾಗಿ ಹೋಗುತ್ತದೆ. ಅಲ್ಲಿ ನಾವೇ ದಾರಿ ಬಿಡಬೇಕು.

ಹಾಗಾಗಿ ಕಿಟಕಿ ಮೇಲಿನ ಆ ಗಾಳಿಕಿಂಡಿಗಳನ್ನು ಮುಟ್ಟಬೇಡಿ. ಗ್ಯಾಸ್ ಉರಿಯುವ ಕಡೆ ಇರುವ ಗಾಳಿದಾರಿಯನ್ನಂತೂ ಯಾವತ್ತೂ ಮುಚ್ಚಬೇಡಿ, ಕಾರ್ಬನ್ ಮೊನಾಕ್ಸೈಡ್ ವಾಸನೆ ಬರದೆ ಕೊಲ್ಲುತ್ತದೆ. ಒಗ್ಗರಣೆಗೆ ಮುಂಚೆಯೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಅಡುಗೆಮನೆ ಬಾಗಿಲು ಮುಚ್ಚಿ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಇಡಿ.