ಬಣ್ಣ ಹೊಡೆಸುವ ಮುಂಚೆ ಟೇಪು ಹಿಡಿಯಬೇಕಿತ್ತು

ಅಪ್ಪ ಕಟ್ಟಿಸಿದ ಮನೆ ಮಾರೋಣ ಅಂತ 2023ರ ಕೊನೆಯಲ್ಲಿ ತೀರ್ಮಾನ ಮಾಡಿದೆವು. ಬೆಂಗಳೂರಿನ ವಿಜಯನಗರದ ಹತ್ತಿರ, 30-40 ಸೈಟು. ಅಮ್ಮ ಒಬ್ಬರೇ ಇದ್ದರು, ನಾನಿರೋದು ತುಮಕೂರಲ್ಲಿ, ತಂಗಿ ಹಾಸನದಲ್ಲಿ. 1996ರಲ್ಲಿ ಕೆಳಗೊಂದು, ಮೇಲೊಂದು ಮನೆಗೆ ಪ್ಲಾನ್ ಪಾಸ್ ಮಾಡಿಸಿ ಕಟ್ಟಿದ್ದರು. ಆಮೇಲೆ 2011ರಲ್ಲಿ ಬಾಡಿಗೆಗೆ ಅಂತ ಟೆರೇಸ್ ಮೇಲೆ ಶೀಟ್ ಹಾಕಿ ಒಂದು ರೂಮು, ಬಾತ್‌ರೂಮು ಎಬ್ಬಿಸಿದರು. ಅದಕ್ಕೆ ಪ್ಲಾನ್ ಇಲ್ಲ. ಅದರ ಬೆನ್ನಲ್ಲೇ ಪಕ್ಕದ ಓಣಿಯಲ್ಲಿ ಪಾತ್ರೆ ತೊಳೆಯೋಕೆ ಅಂತ ಒಂದು ಗೋಡೆ ಎತ್ತಿ ಯುಟಿಲಿಟಿ ಮಾಡಿಸಿದ್ದರು, ಅದಕ್ಕೂ ಇಲ್ಲ. ನಮ್ಮ ಬೀದಿಯಲ್ಲಿ ಹೀಗೆ ಮಾಡದ ಮನೆ ಹುಡುಕಬೇಕು. ಹಾಗಾಗಿ ಇದೊಂದು ವಿಷಯ ಅಂತಲೇ ನನಗೆ ಅನ್ನಿಸಿರಲಿಲ್ಲ.

ಮಾರೋ ಮುಂಚೆ ಮನೆ ಚೆನ್ನಾಗಿ ಕಾಣಲಿ ಅಂತ ಮೊದಲು ದುಡ್ಡು ಸುರಿದೆ. ನೆಲಕ್ಕೆ ಟೈಲ್ಸು, ಎರಡು ಬಾತ್‌ರೂಮು ಹೊಸದು, ಒಳಗೆ ಹೊರಗೆ ಬಣ್ಣ. ಮೇಲಿನ ಶೀಟ್ ರೂಮಿಗೂ ಟೈಲ್ಸ್ ಹಾಕಿಸಿದೆ, ಅದೇ ನಾನು ಮಾಡಿದ ದೊಡ್ಡ ತಪ್ಪು. ಒಂದನೇ ಮಹಡಿಯ ಹಾಲ್ ಚಾವಣಿಯಲ್ಲಿ ಒಂದು ಉದ್ದ ಬಿರುಕಿತ್ತು. ಪೇಂಟರ್ ಪುಟ್ಟಿ ತುಂಬಿ ಉಜ್ಜಿ ಬಣ್ಣ ಬಳಿದ, ಗೊತ್ತೇ ಆಗಲಿಲ್ಲ.

ಮೊದಲ ಗಿರಾಕಿ ಬಂದರು, ಮಾತಾಯಿತು, ಅಡ್ವಾನ್ಸ್ ತಗೊಳ್ಳೋ ಹಂತಕ್ಕೂ ಬಂತು. ಅವರ ಬ್ಯಾಂಕಿನ ಕಡೆಯಿಂದ ಮನೆಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಬಂದು ಪ್ಲಾನ್ ಕಾಪಿ ಕೇಳಿದರು. ಟೇಪು ಹಿಡಿದರು. ಅರ್ಧ ಗಂಟೆಯಲ್ಲಿ ಮುಗಿಯಿತು. ಮೇಲಿನ ರೂಮಿಗೆ ಬೆಲೆ ಸೊನ್ನೆ, ಪಕ್ಕದ ಸೆಟ್‌ಬ್ಯಾಕ್ (ಗೋಡೆಗೂ ಕಾಂಪೌಂಡಿಗೂ ನಡುವೆ ಖಾಲಿ ಬಿಡಬೇಕಾದ ಜಾಗ) ಮುಚ್ಚಿದ್ದಾರೆ ಅಂತ ರಿಪೋರ್ಟು. ಸಾಲ ಕಮ್ಮಿ ಆಯಿತು, ಉಳಿದದ್ದನ್ನು ಕೈಯಿಂದ ಹಾಕುವ ಶಕ್ತಿ ಅವರಿಗಿರಲಿಲ್ಲ, ಬಿಟ್ಟು ಹೋದರು. ಅವರ ಮೇಲೆ ನನಗೆ ಬೇಜಾರಿಲ್ಲ.

ಬ್ರೋಕರ್ ಹೇಳಿದ್ದು, "ಸಾರ್, ತಲೆ ಕೆಡಿಸ್ಕೋಬೇಡಿ, ಕ್ಯಾಶ್ ಪಾರ್ಟಿ ತರ್ತೀನಿ, ಹಾಗೇ ಕೊಟ್ಬಿಡಿ." ಭಾವ ಹೇಳಿದ್ದು, ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡೋ ಸರ್ಕಾರದ ಅಕ್ರಮ-ಸಕ್ರಮ ಬಂದೇ ಬರುತ್ತೆ, ಕಾಯೋಣ ಅಂತ. ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಅಮ್ಮನ ವಯಸ್ಸಿಗೆ ಅದನ್ನು ನಂಬಿ ಕೂರೋಕೆ ಆಗುತ್ತಾ? ಇನ್ನೊಂದು ಮಾತು ತುಂಬಾ ಜನ ಹೇಳಿದರು: 'ಆ ರೂಮಿಗೂ ಸೇರಿಸಿ ಕಂದಾಯ ಕಟ್ಟಿದ್ದೀರಲ್ಲ, ಮತ್ತೇನು?' ಹೌದು, 2012ರಿಂದ ಒಂದು ವರ್ಷವೂ ಬಿಡದೆ ಕಟ್ಟಿದ್ದೇವೆ. ಆದರೆ ಕಂದಾಯದ ರಸೀದಿ ಅಂದರೆ ಕಂದಾಯ ಕಟ್ಟಿದ್ದಕ್ಕೆ ರಸೀದಿ ಅಷ್ಟೇ, ಕಟ್ಟಡಕ್ಕೆ ಅನುಮತಿ ಅಲ್ಲ. ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಆಮೇಲೆ ಪರಿಚಯದ ಒಬ್ಬ ಸಿವಿಲ್ ಇಂಜಿನಿಯರ್‌ನ ಕರೆಸಿದೆ. ಅವರು ಮೊದಲು ಕೇಳಿದ್ದು ಪಾಸಾದ ಮೂಲ ಪ್ಲಾನ್. ಅಮ್ಮನ ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಗಳ ಕೆಳಗೆ ಸಿಕ್ಕಿತು, ಮಡಿಚಿದ ಕಡೆಯೆಲ್ಲ ಹರಿದಿತ್ತು, ಸೀಲು ಮಾತ್ರ ಸ್ಪಷ್ಟವಾಗಿತ್ತು. ನಿಮ್ಮ ಹತ್ತಿರ ಇಲ್ಲದಿದ್ದರೆ ಪ್ಲಾನ್ ಕೊಟ್ಟ ಕಚೇರಿಗೆ 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಅರ್ಜಿ ಹಾಕಿ ದೃಢೀಕೃತ ನಕಲು ಕೇಳಬಹುದು.

ಪ್ಲಾನನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ಲೋಟ ಇಟ್ಟುಕೊಂಡು ಕೂತೆವು. ಪಕ್ಕದಲ್ಲಿ ಬಿಡಬೇಕಾದ ಜಾಗ 3 ಅಡಿ, ಅಂದರೆ 36 ಇಂಚು. ಆಗಿನ ಬೈಲಾ ಪ್ರಕಾರ ಶೇಕಡಾ 5ರವರೆಗೆ ವ್ಯತ್ಯಾಸ ಆಗಿದ್ದರೆ ಸಕ್ರಮ ಮಾಡಿಸೋಕೆ ಅವಕಾಶ ಇತ್ತು. 36ಕ್ಕೆ ಶೇಕಡಾ 5 ಅಂದರೆ ಎರಡು ಇಂಚೂ ಇಲ್ಲ. ನಮ್ಮ ಯುಟಿಲಿಟಿ ಕಾಂಪೌಂಡಿಗೇ ತಾಗಿಕೊಂಡಿತ್ತು, ಬಿಟ್ಟಿದ್ದು ಸೊನ್ನೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಮೇಲಿನ ರೂಮಿನ ಬಗ್ಗೆ ನನಗೆ ಆಸೆ ಇತ್ತು. ನಮ್ಮಂಥ ಸೈಟಿಗೆ ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಮಿತಿ) 1.75, ಅಂದರೆ 1,200 ಚದರ ಅಡಿ ಸೈಟಲ್ಲಿ ಒಟ್ಟು 2,100 ಚದರ ಅಡಿ ಕಟ್ಟಬಹುದು. ಕೆಳಗೆ 820, ಮೇಲೆ 820, ಒಟ್ಟು 1,640. ಇನ್ನೂ 460 ಉಳಿದಿದೆ, ರೂಮು 280 ಅಷ್ಟೇ. ಲೆಕ್ಕದಲ್ಲಿ ಕೂರುತ್ತೆ ಅಲ್ವಾ, ಹೊಸದಾಗಿ ಪ್ಲಾನ್‌ಗೆ ಹಾಕೋಣ ಅಂದೆ. ಇಂಜಿನಿಯರ್ ಮಾತಾಡದೆ ನನ್ನನ್ನು ಕೆಳಗೆ ಹಾಲಿಗೆ ಕರೆದುಕೊಂಡು ಹೋಗಿ ಚಾವಣಿ ತೋರಿಸಿದರು. ಹೊಸ ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ ಮತ್ತೆ ಬಿಟ್ಟಿತ್ತು. ಟೇಪು ಹಿಡಿದು ಮೇಲಿನ ಗೋಡೆ ಎಲ್ಲಿದೆ, ಕೆಳಗಿನ ಗೋಡೆ ಎಲ್ಲಿದೆ ಅಂತ ಅಳೆದರು. ಮೇಲಿನ ರೂಮಿನ ಗೋಡೆ ಕೆಳಗಿನ ಗೋಡೆಯ ಮೇಲೆ ಕೂತಿರಲಿಲ್ಲ, ಒಂದೂವರೆ ಅಡಿ ಆಚೆಗೆ, ಬರೀ ಸ್ಲ್ಯಾಬ್ ಮೇಲೆ ಕೂತಿತ್ತು. ನಮ್ಮದು ಪಿಲ್ಲರ್ ಮನೆ ಅಲ್ಲ, 9 ಇಂಚಿನ ಇಟ್ಟಿಗೆ ಗೋಡೆಯೇ ಭಾರ ಹೊರೋದು. ಇದಕ್ಕೆ ನಾನು ಸಹಿ ಹಾಕಲ್ಲ ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ಹದಿಮೂರು ವರ್ಷ ಅದರ ಕೆಳಗೆ ಅಮ್ಮ ಮಲಗಿದ್ದರು.

ಕ್ಯಾಶ್ ಪಾರ್ಟಿಗೆ ಕೊಡಬಹುದಿತ್ತು. ವಕೀಲರನ್ನು ಕೇಳಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳೋದು ಇಷ್ಟು: ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಅದನ್ನು ಹೇಳಬೇಕು. ಪುಟ್ಟಿಯ ಕೆಳಗಿನ ಬಿರುಕು ಅಂದರೆ ಅದೇ ತಾನೆ. ಇನ್ನು ಯೋಚನೆ ಮಾಡೋದು ಏನೂ ಉಳಿಯಲಿಲ್ಲ, ರೂಮು, ಯುಟಿಲಿಟಿ ಎರಡನ್ನೂ ಇಳಿಸೋದು ಅಂತ ಆಯಿತು.

ಮೇಲಿನ ರೂಮಿನಲ್ಲಿ ಒಬ್ಬ ಹುಡುಗ ಬಾಡಿಗೆಗಿದ್ದ, ಪರೀಕ್ಷೆಗೆ ಓದುತ್ತಿದ್ದ. ಅವನಿಗೆ ಎರಡು ತಿಂಗಳು ಟೈಮ್ ಕೊಟ್ಟು, ಪೂರ್ತಿ ಅಡ್ವಾನ್ಸ್ ವಾಪಸ್ ಕೊಟ್ಟೆವು. ಶೀಟ್ ಇಳಿಸೋ ದಿನ ನಾನೇ ನಿಂತಿದ್ದೆ. ಹಳೇ ಕಲ್ನಾರು ಶೀಟು, ಒಡೆದರೆ ಬರೋ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೆಲಸದವರು ಸುತ್ತಿಗೆ ತಗೊಂಡು ಬಂದಿದ್ದರು, ಬೇಡ ಅಂದೆ. ಪೈಪಲ್ಲಿ ನೀರು ಹಾಯಿಸಿ, ತುಕ್ಕು ಹಿಡಿದ ಜೆ ಬೋಲ್ಟ್‌ಗಳನ್ನು ಒಂದೊಂದಾಗಿ ಕತ್ತರಿಸಿ, ಶೀಟುಗಳನ್ನು ಇಡಿಯಾಗಿ ಹಗ್ಗ ಕಟ್ಟಿ ಇಳಿಸಿದರು. ಎಲ್ಲರಿಗೂ ಮಾಸ್ಕ್ ಕೊಡಿಸಿದ್ದೆ. ಒಂದು ದಿನದ ಕೆಲಸ ಎರಡು ದಿನ ಆಯಿತು, ಆಗಲಿ. ಗೋಡೆ ಒಡೆದು, ಮಣ್ಣು ಸಾಗಿಸಿ, ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸೋ ಹೊತ್ತಿಗೆ ಒಂದೂವರೆ ಲಕ್ಷದ ಹತ್ತಿರ ಬಂತು. ಹೊಸ ಟೈಲ್ಸೂ ಅದರಲ್ಲೇ ಹೋಯಿತು. ಹಾಲಿನ ಬಿರುಕನ್ನು ತೆರೆದು, ಇಂಜಿನಿಯರ್ ಹೇಳಿದ ಹಾಗೆ ಸರಿಯಾಗಿ ತುಂಬಿಸಿದೆವು. ಅವರು ಬರೆದುಕೊಟ್ಟ ವರದಿಯನ್ನು ಫೈಲಿಗೆ ಸೇರಿಸಿದೆ.

ಒಳಗಿನ ಕೆಲಸಗಳ ಬಗ್ಗೆ ಕೇಳುವವರಿಗೆ: ಟೈಲ್ಸ್, ಪ್ಲಾಸ್ಟರಿಂಗ್, ಬಣ್ಣ, ಬಾಗಿಲು ಕಿಟಕಿ ಬದಲಾಯಿಸೋದು, ಇಂಥದ್ದಕ್ಕೆ ನಮಗೆ ಪ್ಲಾನ್ ಬೇಕಾಗಲಿಲ್ಲ. ಅಡುಗೆಮನೆ ಗೋಡೆ ತೆಗೆದು ಓಪನ್ ಕಿಚನ್ ಮಾಡೋಣ ಅಂತಿದ್ದೆ. ಅದು ಭಾರ ಹೊರೋ ಗೋಡೆ ಅಂತ ಗೊತ್ತಾದ ಮೇಲೆ ಕೈ ಬಿಟ್ಟೆ.

ಅಷ್ಟರಲ್ಲಿ 2024ರ ಅಕ್ಟೋಬರಿಂದ ನೋಂದಣಿಗೆ ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಪಾಲಿಕೆಯ ಆನ್‌ಲೈನ್ ದಾಖಲೆ) ಬೇಕೇ ಬೇಕು ಅಂತ ಆಯಿತು. ಆಧಾರ್, ಕ್ರಯಪತ್ರದ ವಿವರ, ಇಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ಋಣಭಾರ ಪತ್ರ), ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಮನೆ ಫೋಟೋ ಎಲ್ಲ ಹಾಕಬೇಕಿತ್ತು. ಅಪ್ಪ ಹೋದ ಮೇಲೆ ಖಾತೆ ಅಮ್ಮನ ಹೆಸರಿಗೆ ಆಗಿದ್ದು ಅನುಕೂಲವಾಯಿತು. ರೂಮು ಇಳಿಸಿ ಆಗಿದ್ದರಿಂದ ಕಂದಾಯದಲ್ಲೂ ಅಳತೆ 1,640ಕ್ಕೆ ತಿದ್ದಿಸಿದೆ. ಪ್ಲಾನ್, ಕಂದಾಯ, ಕಣ್ಣಿಗೆ ಕಾಣೋ ಮನೆ, ಮೂರೂ ಮೊದಲ ಸಲ ಒಂದೇ ಆದವು.

ಎರಡನೇ ಗಿರಾಕಿ ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿರುವವರು. ಮೊದಲ ದಿನವೇ ಫೈಲ್ ಮುಂದಿಟ್ಟು, ಇಲ್ಲೊಂದು ರೂಮಿತ್ತು, ಈ ಕಾರಣಕ್ಕೆ ಇಳಿಸಿದ್ದೀವಿ, ಬಿರುಕು ಇಲ್ಲಿತ್ತು ಅಂತ ಎಲ್ಲ ಹೇಳಿದೆ. ಚೌಕಾಸಿ ಮಾಡಿದರು, ಸ್ವಲ್ಪ ಇಳಿಸಿದೆ. ಬ್ರೋಕರ್ ಹೇಳಿದ ಕ್ಯಾಶ್ ರೇಟಿಗಿಂತ ಜಾಸ್ತಿಯೇ ಬಂತು.

ಅದಾದ ಮೇಲೆ 2024ರ ಡಿಸೆಂಬರಲ್ಲಿ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಬೆಂಗಳೂರಿಗೆಲ್ಲ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳೂ ಬಂದಿವೆ. ಈಗ ಮಾರುವವರು ಇವತ್ತಿನ ನಿಯಮ ಇಟ್ಟುಕೊಂಡೇ ಅಳೆಸಿ, ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ.

ಎರಡನೇ ವ್ಯಾಲ್ಯುಯರ್ ಬಂದ ದಿನ ಅಮ್ಮನೂ ಬಂದಿದ್ದರು. ಯುಟಿಲಿಟಿ ಇದ್ದ ಓಣಿಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿದಿದ್ದು ನಾನೇ. ಗೋಡೆ ಪ್ಲಾಸ್ಟರಿಂದ ಕಾಂಪೌಂಡಿಗೆ 35 ಇಂಚು ಬಂತು. ಅವರು ಬರೆದುಕೊಂಡು, ಸರಿ ಇದೆ, ಮೇಲೆ ಹೋಗೋಣ ಅಂದರು.