ಕೆಆರ್‌ಎಸ್ ನೀರಿನ ಮಟ್ಟ: ತಾನಾಗಿ ಬದಲಾಗುವ ಚಿತ್ರ ಮಾಡುವುದು ಹೇಗೆ?

ಮಳೆಗಾಲ ಶುರುವಾದರೆ ಮಂಡ್ಯ, ಮೈಸೂರು ಕಡೆಯವರು ಬೆಳಗ್ಗೆ ಎದ್ದು ಒಂದು ಅಂಕಿ ಹುಡುಕುತ್ತಾರೆ. ಕೆಆರ್‌ಎಸ್‌ನಲ್ಲಿ ಇವತ್ತು ಎಷ್ಟು ಅಡಿ ನೀರಿದೆ? ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ಅಲ್ಲಿನ ಮಕ್ಕಳಿಗೂ ಗೊತ್ತು. ಈ ಅಂಕಿಯನ್ನು ವೆಬ್ ಪುಟದಲ್ಲಿ ಚಿತ್ರವಾಗಿ ತೋರಿಸೋಣ. ಅಂಕಿ ಬದಲಾದ ಹಾಗೆ ಚಿತ್ರದೊಳಗಿನ ನೀರೂ ಏರಬೇಕು, ಇಳಿಯಬೇಕು.

ಇದಕ್ಕೆ ಎಸ್‌ವಿಜಿ (SVG) ಎಂಬ ಚಿತ್ರದ ಕಡತ ಹೇಳಿ ಮಾಡಿಸಿದ್ದು. ಫೋಟೊ ಎಂದರೆ ಚುಕ್ಕಿಗಳ ರಾಶಿ, ಹಿಗ್ಗಿಸಿದರೆ ಮಬ್ಬಾಗುತ್ತದೆ. ಎಸ್‌ವಿಜಿ ಕಡತ ತೆರೆದು ನೋಡಿದರೆ ಒಳಗಿರುವುದು ಬರೀ ಬರಹ: ಇಲ್ಲಿಂದ ಇಷ್ಟು ಅಗಲ, ಇಷ್ಟು ಎತ್ತರದ ಆಯತ ಬರೆ, ನೀಲಿ ಬಣ್ಣ ತುಂಬು. ಬರಹ ಅಂದಮೇಲೆ ಅದನ್ನು ಪ್ರೋಗ್ರಾಮೇ ಬರೆಯಬಹುದು, ಅಲ್ವಾ? ವೆಬ್‌ನ ಮಾನಕಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 2001ರಲ್ಲೇ ಇದನ್ನು ಮಾನಕವಾಗಿ ಒಪ್ಪಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ 2011ರ 9ನೇ ಆವೃತ್ತಿಯವರೆಗೆ ಕಾಯಿಸಿತು. ಈಗ ಯಾವ ಬ್ರೌಸರ್‌ನಲ್ಲೂ ತೊಂದರೆಯಿಲ್ಲ.

ಮೊದಲು ಅಳತೆ

ಕೋಡ್‌ಗೆ ಕೈ ಹಾಕುವ ಮುಂಚೆ ಕಾಗದದ ಮೇಲೆ ಒಂದು ಉದ್ದನೆಯ ಪೆಟ್ಟಿಗೆ ಬರೆದುಕೊಳ್ಳಿ. ಎಸ್‌ವಿಜಿಯಲ್ಲಿ 'ವ್ಯೂಬಾಕ್ಸ್' ಎಂಬ ಗುಣ ಇದೆ. ಚಿತ್ರದ ಒಳಗಿನ ಅಳತೆಪಟ್ಟಿ ಅದು. ಅದಕ್ಕೆ 0, 0, 400, 1248 ಎಂದು ಕೊಡಿ. ಎತ್ತರ 1248 ಯಾಕೆ? 124.80 ಅಡಿಯನ್ನು ಹತ್ತರಿಂದ ಗುಣಿಸಿದ್ದೇವೆ, ಅಷ್ಟೆ. ಈಗ ಒಂದು ಅಡಿಗೆ ಈ ಅಳತೆಪಟ್ಟಿಯ ಸರಿಯಾಗಿ ಹತ್ತು ಮನೆ. ಲೆಕ್ಕ ಬಾಯಲ್ಲೇ ಆಗುತ್ತದೆ.

ಇವತ್ತಿನ ಮಟ್ಟ 110.5 ಅಡಿ ಎಂದಿಟ್ಟುಕೊಳ್ಳಿ. ನೀಲಿ ಆಯತದ ಎತ್ತರ 1105. ಆದರೆ ಅದನ್ನು ಎಲ್ಲಿಂದ ಶುರುಮಾಡಬೇಕು? ಶಾಲೆಯ ಗ್ರಾಫ್ ಹಾಳೆಯಲ್ಲಿ ಸೊನ್ನೆ ಕೆಳಗಿರುತ್ತದೆ. ಎಸ್‌ವಿಜಿಯಲ್ಲಿ ಸೊನ್ನೆ ಮೇಲಿದೆ, ವೈ ಅಕ್ಷ ಕೆಳಕ್ಕೆ ಹೋಗುತ್ತದೆ. ಹಾಗಾಗಿ 1248ರಲ್ಲಿ 1105 ಕಳೆದು, ವೈ ಬೆಲೆ 143 ಎಂದು ಕೊಡಬೇಕು. ಇದನ್ನು ಮರೆತರೆ ನೀರು ಚಾವಣಿಯಿಂದ ನೇತಾಡುತ್ತದೆ.

ಅಕ್ಷರದ ಗಾತ್ರವೂ ಇದೇ ಮನೆಗಳ ಲೆಕ್ಕದಲ್ಲಿ ಹೋಗುತ್ತದೆ. ಚಿತ್ರ ಪರದೆಯ ಮೇಲೆ 312 ಪಿಕ್ಸೆಲ್ ಎತ್ತರ ಇದ್ದರೆ ಎಲ್ಲವೂ ಕಾಲು ಭಾಗಕ್ಕೆ ಕುಗ್ಗುತ್ತದೆ. 16 ಎಂದು ಬರೆದ ಅಕ್ಷರ 4 ಪಿಕ್ಸೆಲ್ ಆಗಿ ಇರುವೆಯಂತೆ ಕಾಣುತ್ತದೆ. 64 ಎಂದು ಕೊಡಿ.

ಇಲ್ಲೇ ಒಂದು ಮಾತು ಹೇಳಲೇಬೇಕು. ಅಡಿಯಲ್ಲಿ ಅರ್ಧ ಇದೆ ಎಂದರೆ ನೀರು ಅರ್ಧ ಇದೆ ಅಂತಲ್ಲ. ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ, ಮೇಲಿನ ಒಂದೊಂದು ಅಡಿಯಲ್ಲೂ ಜಾಸ್ತಿ ನೀರು ನಿಲ್ಲುತ್ತದೆ. ಆದ್ದರಿಂದ ಅಡಿಯ ಚಿತ್ರದ ಮೇಲೆ 'ಶೇಕಡ ಇಷ್ಟು ತುಂಬಿದೆ' ಎಂದು ಬರೆಯಬೇಡಿ. ಶೇಕಡ ಬೇಕಿದ್ದರೆ ನೀರಿನ ಪ್ರಮಾಣ ಹೇಳುವ ಟಿಎಂಸಿ (ನೂರು ಕೋಟಿ ಘನ ಅಡಿ) ಲೆಕ್ಕ ಹಿಡಿಯಿರಿ. ಪೂರ್ತಿ ತುಂಬಿದಾಗ ಅಲ್ಲಿ ಹಿಡಿಸುವುದು ಸುಮಾರು 49.45 ಟಿಎಂಸಿ. ನಾಟಿ ಮಾಡುವುದೋ ಬೇಡವೋ ಎಂದು ಯೋಚಿಸುತ್ತಿರುವವರು ಈ ಚಿತ್ರ ನೋಡುತ್ತಾರೆ. ಅದು ಸುಳ್ಳು ಹೇಳಬಾರದು.

ಸರ್ವರ್‌ನಲ್ಲೋ, ಬ್ರೌಸರ್‌ನಲ್ಲೋ?

ದಿನಕ್ಕೆ ಒಂದು ಸಲ ಬದಲಾಗುವ ಅಂಕಿಗೆ ಸರ್ವರ್ ಸಾಕು. ಎಸ್‌ವಿಜಿ ಬರಹದ ಅಚ್ಚು ಮಾಡಿಟ್ಟುಕೊಂಡು, ಅದರಲ್ಲಿ ವೈ ಮತ್ತು ಎತ್ತರ ಎಂಬ ಎರಡು ಅಂಕಿ ತುಂಬಿ ಕಳಿಸಿದರೆ ಆಯಿತು. ಕಳಿಸುವಾಗ, ಕಡತ ಯಾವ ಬಗೆಯದು ಎಂದು ಬ್ರೌಸರ್‌ಗೆ ತಿಳಿಸುವ ಕಂಟೆಂಟ್ ಟೈಪ್ ಹೆಡರ್‌ನಲ್ಲಿ ಅದು ಎಸ್‌ವಿಜಿ ಚಿತ್ರ ಎಂದು ಹೇಳಿರಬೇಕು. ಇಲ್ಲದಿದ್ದರೆ ಇಮೇಜ್ ಟ್ಯಾಗ್‌ನ ಜಾಗ ಖಾಲಿ ಉಳಿಯುತ್ತದೆ. ನಾನು ಮೊದಲ ಸಲ ಮಾಡಿದಾಗ ಚಿತ್ರವೇನೋ ಬಂತು, ಆದರೆ ಮಾರನೆಯ ದಿನವೂ ಹಿಂದಿನ ದಿನದ ಮಟ್ಟವನ್ನೇ ತೋರಿಸಿತು. ಬ್ರೌಸರ್ ಹಳೆಯದನ್ನೇ ಎತ್ತಿಟ್ಟುಕೊಂಡಿತ್ತು. ಚಿತ್ರದ ವಿಳಾಸದ ಕೊನೆಗೆ ಆ ದಿನದ ತಾರೀಕು ಸೇರಿಸಿದ ಮೇಲೆ ಸರಿಹೋಯಿತು.

ಗಂಟೆಗೊಮ್ಮೆ ಬದಲಾಗಬೇಕು, ಬೆರಳಿಟ್ಟರೆ ಒಳಹರಿವು ಕಾಣಬೇಕು ಅಂದರೆ ಬ್ರೌಸರ್‌ನಲ್ಲೇ ಜಾವಾಸ್ಕ್ರಿಪ್ಟ್‌ನಿಂದ ಹುಟ್ಟಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಎಚ್‌ಟಿಎಂಎಲ್‌ಗೆ ಬಳಸುವ 'ಕ್ರಿಯೇಟ್ ಎಲಿಮೆಂಟ್' ಇಲ್ಲಿ ಕೆಲಸ ಮಾಡುವುದಿಲ್ಲ. ಪುಟದ ಒಳರಚನೆ ತೋರಿಸುವ ಬ್ರೌಸರ್‌ನ ಇನ್‌ಸ್ಪೆಕ್ಟರ್‌ನಲ್ಲಿ ಆಯತ ಇರುತ್ತದೆ, ಪರದೆಯ ಮೇಲೆ ಏನೂ ಇರುವುದಿಲ್ಲ. ಎರರ್ ಕೂಡ ಬರುವುದಿಲ್ಲ. 'ಕ್ರಿಯೇಟ್ ಎಲಿಮೆಂಟ್ ಎನ್‌ಎಸ್' ಬಳಸಿ, ಎಸ್‌ವಿಜಿಯ ನೇಮ್‌ಸ್ಪೇಸ್ (ಇದು ಯಾವ ಭಾಷೆಯ ಟ್ಯಾಗ್ ಎಂದು ಹೇಳುವ ಗುರುತು) ಕೊಟ್ಟರೆ ಮಾತ್ರ ಬ್ರೌಸರ್ ಅದನ್ನು ಚಿತ್ರದ ತುಂಡು ಎಂದು ಗುರುತಿಸುತ್ತದೆ. ಹಾಗೆಯೇ ವ್ಯೂಬಾಕ್ಸ್ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ 'ಬಿ' ದೊಡ್ಡಕ್ಷರ ಆಗಿರಬೇಕು.

ಹೊಸ ಅಂಕಿ ಬಂದಾಗ ಇಡೀ ಚಿತ್ರ ಅಳಿಸಿ ಬರೆಯಬೇಕಿಲ್ಲ. ನೀಲಿ ಆಯತದ ವೈ ಮತ್ತು ಎತ್ತರ ಬದಲಿಸಿ, ಸಾಕು.

ಹೊರಗಿನವರು ಕೊಟ್ಟ ಹೆಸರು ಚಿತ್ರದೊಳಗೆ ಬರುವುದಾದರೆ ಎಚ್ಚರ. ಉದಾಹರಣೆಗೆ, ಓದುಗರು ತಮ್ಮೂರ ಕೆರೆಯ ಹೆಸರು ತುಂಬುತ್ತಾರೆ ಅನ್ನಿ. ಅದನ್ನು ಸುಮ್ನೆ 'ಇನ್ನರ್ ಎಚ್‌ಟಿಎಂಎಲ್' ಮೂಲಕ ಅಂಟಿಸಿದರೆ ಯಾರೋ ಅದರೊಳಗೆ ಸ್ಕ್ರಿಪ್ಟ್ ತುರುಕಬಹುದು. 'ಟೆಕ್ಸ್ಟ್ ಕಂಟೆಂಟ್' ಬಳಸಿ, ಅದು ಕೊಟ್ಟದ್ದನ್ನು ಬರೀ ಬರಹವಾಗಿ ಇಡುತ್ತದೆ.

ಕನ್ನಡ ಅಕ್ಷರಗಳ ವಿಷಯ

ಇಮೇಜ್ ಟ್ಯಾಗ್‌ನಲ್ಲಿ ಇಟ್ಟ ಎಸ್‌ವಿಜಿ ಹೊರಗಿನ ಯಾವ ಕಡತವನ್ನೂ ತರಿಸಿಕೊಳ್ಳುವುದಿಲ್ಲ. ಪುಟಕ್ಕೆ ನೀವು ಚೆಂದದ ಕನ್ನಡ ಫಾಂಟ್ ಹಾಕಿದ್ದರೂ ಅದು ಚಿತ್ರದೊಳಗೆ ಇಳಿಯದು, ಓದುಗರ ಫೋನಿನಲ್ಲಿರುವ ಫಾಂಟೇ ಗತಿ. ಎಸ್‌ವಿಜಿಯನ್ನು ನೇರವಾಗಿ ಪುಟದ ಎಚ್‌ಟಿಎಂಎಲ್ ಒಳಗೇ ಇಟ್ಟರೆ ಪುಟದ ಫಾಂಟ್ ಸಿಗುತ್ತದೆ. ಕನ್ನಡ ಬರಹ ಇರುವ ಚಿತ್ರಗಳಿಗೆ ನಾನು ಈ ದಾರಿಯನ್ನೇ ಹಿಡಿಯುತ್ತೇನೆ.

ಎಸ್‌ವಿಜಿಯ ಟೆಕ್ಸ್ಟ್ ತಾನಾಗಿ ಮುಂದಿನ ಸಾಲಿಗೆ ಮುರಿಯುವುದಿಲ್ಲ. ಉದ್ದ ಹೆಸರನ್ನು ನೀವೇ ತುಂಡು ಮಾಡಬೇಕು. ಅಕ್ಷರ ಎಣಿಸಿ ಕತ್ತರಿಸಲು ಹೋಗಬೇಡಿ. ನಮಗೆ 'ಷ್ಣ' ಒಂದೇ ಅಕ್ಷರ, ಕಂಪ್ಯೂಟರಿಗೆ ಅದು ಷ, ಒತ್ತು ಜೋಡಿಸುವ ಹಲಂತ ಚಿಹ್ನೆ, ಣ ಎಂಬ ಮೂರು ಸಂಕೇತ. ನಡುವೆ ಕತ್ತರಿ ಬಿದ್ದರೆ ಒತ್ತಕ್ಷರ ಹೋಯಿತು. ಪದ ಮುಗಿದ ಕಡೆ ಮುರಿಯಿರಿ.

ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗಾಗಿ ಚಿತ್ರದ 'ರೋಲ್' ಗುಣಕ್ಕೆ 'img' ಎಂದು ಕೊಟ್ಟು, ಒಳಗೆ 'ಟೈಟಲ್' ಸೇರಿಸಿ. ಅದರಲ್ಲಿ ಬರೀ 'ನೀರಿನ ಮಟ್ಟ' ಎಂದಲ್ಲ, 'ಇವತ್ತಿನ ಮಟ್ಟ 110.5 ಅಡಿ' ಎಂದೇ ಬರೆಯಿರಿ. ಅಂಕಿ ಬದಲಾದಾಗ ಈ ಸಾಲೂ ಬದಲಾಗಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿ ಹಂಚಿದಾಗ ಕಾಣುವ ಪುಟ್ಟ ಚಿತ್ರಕ್ಕೆ ಎಸ್‌ವಿಜಿ ನಡೆಯುವುದಿಲ್ಲ, ಪಿಎನ್‌ಜಿ ಬೇಕು. ಸರ್ವರ್‌ನಲ್ಲಿ ಪರಿವರ್ತಿಸುವಾಗ ಅಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಖಾಲಿ ಚೌಕ ಬರುತ್ತದೆ. ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಹಾಕಿಕೊಳ್ಳಿ. ಫಾಂಟ್ ಇದ್ದರೂ ಪರಿವರ್ತಿಸುವ ತಂತ್ರಾಂಶಕ್ಕೆ ಅಕ್ಷರ ಜೋಡಿಸಲು ಬರದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಇದನ್ನು ಪರೀಕ್ಷಿಸಲು ಬೇರೆ ಪದ ಹುಡುಕಬೇಕಿಲ್ಲ. 'ಕೃಷ್ಣರಾಜಸಾಗರ' ಎಂದು ಬರೆದು ಪಿಎನ್‌ಜಿ ಮಾಡಿ ನೋಡಿ. ಕೃ ಮತ್ತು ಷ್ಣ ಎರಡೂ ಸರಿಯಾಗಿ ಕೂತಿದ್ದರೆ ಕೊಂಡಿಯನ್ನು ಊರಿನ ಗುಂಪಿಗೆ ಕಳಿಸಬಹುದು.